ನಾಲಿಗೆ ನೋಡಿ ದೇಶ ಹೇಳುವವರು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳು ಒಂದು ಚರ್ಚೆ ನಡೆಯಿತು. ಹಿಂಬದಿಯ ಶೆಡ್ಡಿನಲ್ಲಿ ಒಣಕಸ ಬೇರ್ಪಡಿಸುವ ಗಂಡ ಹೆಂಡತಿ ತಮ್ಮೊಳಗೆ ಬಂಗಾಳಿ ಮಾತಾಡುತ್ತಾರೆ, ಆದ್ದರಿಂದ ಬಾಂಗ್ಲಾದೇಶದವರೇ ಇರಬೇಕು ಎಂದು ಒಬ್ಬರು ಅನುಮಾನ ಎತ್ತಿದರು. ಅರ್ಧ ಗಂಟೆಯೊಳಗೆ ಆ 'ಇರಬೇಕು' ಎಂಬುದು ಬಿದ್ದುಹೋಗಿ 'ಬಾಂಗ್ಲಾದವರನ್ನು ಒಳಗೆ ಬಿಟ್ಟವರು ಯಾರು' ಎಂಬ ಪ್ರಶ್ನೆ ಉಳಿಯಿತು. ಇನ್ನೊಬ್ಬರು ಬಹಳ ತಿಳಿದವರಂತೆ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟರು: ನೀರಿಗೆ ಏನೆನ್ನುತ್ತಾರೆ ಕೇಳಿ, 'ಜೋಲ್' ಎಂದರೆ ನಮ್ಮವರು, 'ಪಾನಿ' ಎಂದರೆ ಗಡಿಯಾಚೆಯವರು. ಅದಕ್ಕೆ ಏಳೆಂಟು ಹೆಬ್ಬೆರಳುಗಳು ಬಿದ್ದವು.

ಈ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಂಗಾಳಿ ಆಡುವ ಹಿಂದೂಗಳು ಸಾಮಾನ್ಯವಾಗಿ ನೀರಿಗೆ ಜೋಲ್ ಎನ್ನುತ್ತಾರೆ, ಮುಸ್ಲಿಮರು ಪಾನಿ ಎನ್ನುತ್ತಾರೆ. ಢಾಕಾದ ಹಿಂದೂ ಮನೆಯಲ್ಲಿ ಕುಡಿಯುವುದು ಜೋಲ್, ಪಶ್ಚಿಮ ಬಂಗಾಳದ ಮುರ್ಷಿದಾಬಾದಿನ ಮುಸ್ಲಿಂ ಮನೆಯಲ್ಲಿ ಕುಡಿಯುವುದು ಪಾನಿ. ಅಂದರೆ ನಮ್ಮ ಗುಂಪಿನ ಪಂಡಿತರು ಕೊಟ್ಟ ಅಳತೆಗೋಲು ದೇಶವನ್ನು ಅಳೆಯುವಂಥದ್ದಲ್ಲ. ಅದು ಅಳೆಯುವುದು ಏನನ್ನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಬ್ಬೆರಳು ಒತ್ತಿದವರಲ್ಲಿ ಕೆಲವರಿಗೆ ಅದು ಗೊತ್ತಿತ್ತೆಂದೂ, ಹಲವರಿಗೆ ಗೊತ್ತಿರಲಿಲ್ಲವೆಂದೂ ನಾನು ಭಾವಿಸುತ್ತೇನೆ. ನಾನು ಬರೆಯುತ್ತಿರುವುದು ಆ ಹಲವರನ್ನು ಉದ್ದೇಶಿಸಿ.

ಆ ದಂಪತಿಯ ಊರು ಮುರ್ಷಿದಾಬಾದ್ ಜಿಲ್ಲೆಯಲ್ಲಿದೆ. 1947ರ ಆಗಸ್ಟ್‌ನಲ್ಲಿ ದೇಶ ಇಬ್ಭಾಗವಾದಾಗ ಬಂಗಾಳದ ಗಡಿ ಎಲ್ಲಿ ಹಾದುಹೋಗುತ್ತದೆ ಎಂಬುದು ಸ್ವಾತಂತ್ರ್ಯ ಬಂದ ದಿನವೂ ಜನರಿಗೆ ತಿಳಿದಿರಲಿಲ್ಲ. ರ‍್ಯಾಡ್‌ಕ್ಲಿಫ್ ಎಂಬ ಬ್ರಿಟಿಷ್ ವಕೀಲ ಎಳೆದ ಗೆರೆ ಪ್ರಕಟವಾದದ್ದು 17ರಂದು. ಮುಸ್ಲಿಮರು ಹೆಚ್ಚಿದ್ದ ಮುರ್ಷಿದಾಬಾದಿನಲ್ಲಿ ಅಲ್ಲಿಯವರೆಗೆ ಪಾಕಿಸ್ತಾನದ ಧ್ವಜ ಹಾರಿತು, ಹಿಂದೂಗಳು ಹೆಚ್ಚಿದ್ದ, ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾದಲ್ಲಿ ಭಾರತದ ಧ್ವಜ ಹಾರಿತು, ಆಮೇಲೆ ಎರಡೂ ಕಡೆ ಧ್ವಜ ಇಳಿಸಿ ಬದಲಾಯಿಸಿದರು. ತೀರ ಈಚೆಗೆ, 2015ರ ಜುಲೈ 31ರ ಮಧ್ಯರಾತ್ರಿ, ಭಾರತದ ನೆಲದೊಳಗೆ ದ್ವೀಪಗಳಂತಿದ್ದ ಬಾಂಗ್ಲಾದೇಶದ 51 ಊರುತುಂಡುಗಳು ಒಪ್ಪಂದದ ಮೂಲಕ ನಮ್ಮದಾದವು, ಅಲ್ಲಿದ್ದ ಸುಮಾರು 14 ಸಾವಿರ ಮಂದಿ ಜಗಲಿಯಿಂದ ಕೆಳಗಿಳಿಯದೆಯೇ ಭಾರತೀಯರಾದರು. ನಾಲ್ಕು ಸಾವಿರ ಕಿಲೋಮೀಟರಿಗೂ ಉದ್ದದ ಆ ಗಡಿಯ ಬಹುಭಾಗದಲ್ಲಿ ಎರಡೂ ಬದಿ ಇರುವುದು ಒಂದೇ ಭಾಷೆ. ನಾಲಿಗೆಯನ್ನು ನೋಡಿ ದೇಶ ಹೇಳಲು ಹೊರಡುವವರು ಇದನ್ನಾದರೂ ತಿಳಿದಿರಬೇಕು.

ಈಗ ನಮ್ಮ ಮನೆಯ ವಿಷಯ. ನಾನು ಕುಂದಾಪುರ ಕಡೆಯವನು. ನನ್ನ ಸೋದರಮಾವ 2006ರಲ್ಲಿ ಎಲೆಕ್ಟ್ರಿಷಿಯನ್ ಕೆಲಸವೆಂದು ನಂಬಿ ಸೌದಿಯ ದಮ್ಮಾಮ್‌ಗೆ ಹೋದರು. ಅಲ್ಲಿ ಸಿಕ್ಕಿದ್ದು ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಐದು ತಿಂಗಳು ಸಂಬಳ ಬರಲಿಲ್ಲ, ಪಾಸ್‌ಪೋರ್ಟು ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಮಾಲೀಕನ, ಕಪಾಟಿನಲ್ಲಿತ್ತು. ಒಂದು ರಾತ್ರಿ ಅವರು ಅಲ್ಲಿಂದ ಹೊರಟು ಊರಿನವರೊಬ್ಬರ ರೂಮಿಗೆ ಸೇರಿಕೊಂಡರು. ಕಫೀಲ ಇವರ ಮೇಲೆ 'ಹುರೂಬ್' ಹಾಕಿದ, ಅಂದರೆ ಪರಾರಿಯಾಗಿದ್ದಾನೆಂದು ಸರ್ಕಾರಕ್ಕೆ ತಿಳಿಸಿದ. ಅಲ್ಲಿಗೆ ಇಖಾಮಾ, ಅಂದರೆ ವಾಸದ ಪರವಾನಗಿ, ಸತ್ತಿತು. ಬೇರೆ ಕಡೆ ಕಾನೂನುಬದ್ಧವಾಗಿ ದುಡಿಯುವಂತಿಲ್ಲ, ಊರಿಗೆ ಹೊರಡೋಣವೆಂದರೆ ಎಕ್ಸಿಟ್ ಸಿಗುವುದಿಲ್ಲ. ಇಂಥವರಿಗೆ ಗಲ್ಫಿನ ಮಲಯಾಳಿಗಳೂ ನಮ್ಮ ಕರಾವಳಿಯವರೂ ಇಟ್ಟ ಹೆಸರು 'ಖಲ್ಲಿವಲ್ಲಿ'. ಅರಬ್ಬಿಯಲ್ಲಿ ಅದಕ್ಕೆ 'ಹೋಗಲಿ ಬಿಡು' ಎಂಬಂಥ ಅರ್ಥ. ಮಾವ ಆರು ವರ್ಷಕ್ಕೂ ಹೆಚ್ಚು ಕಾಲ ಖಲ್ಲಿವಲ್ಲಿಯಾಗಿ ಬದುಕಿದರು. ಚೆಕಿಂಗ್ ಇದೆಯೆಂದು ಸುದ್ದಿ ಬಂದ ರಾತ್ರಿಗಳಲ್ಲಿ ಹಾಸಿಗೆ ಸುತ್ತಿಕೊಂಡು ತಾರಸಿಯ ನೀರಿನ ಟ್ಯಾಂಕುಗಳ ಸಂದಿಯಲ್ಲಿ ಮಲಗುತ್ತಿದ್ದರಂತೆ. 2010ರಲ್ಲಿ ಅಜ್ಜಿ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದವರು ಹಿರಿಮಗ ಎಲ್ಲಿ ಎಂದು ಕೇಳಿದಾಗ ನನ್ನ ಅಮ್ಮ, 'ರಜೆ ಸಿಕ್ಕಲಿಲ್ಲ' ಎಂದರು.

2013ರಲ್ಲಿ ಸೌದಿ ಸರ್ಕಾರ ತನ್ನವರಿಗೆ ಕೆಲಸ ಮೀಸಲಿಡುವ ನಿತಾಖತ್ ನಿಯಮಗಳನ್ನು ಬಿಗಿ ಮಾಡಿ, ಕಾಗದವಿಲ್ಲದವರಿಗೆ ದಂಡವಿಲ್ಲದೆ ದೇಶ ಬಿಡಲು ನವೆಂಬರ್ 3ರವರೆಗೆ ಅವಕಾಶ ಕೊಟ್ಟಿತು. ಮಾವ ರಾಯಭಾರ ಕಚೇರಿಯ ಔಟ್‌ಪಾಸ್ ಹಿಡಿದು ಊರಿಗೆ ಬಂದರು. ಅದು ಪಾಸ್‌ಪೋರ್ಟಿನಂತೆ ಪುಸ್ತಕವಲ್ಲ, ಫೋಟೋ ಅಂಟಿಸಿದ ಒಂದು ಹಾಳೆ; ಒಂದೇ ಸಲ, ಒಂದೇ ದಿಕ್ಕಿಗೆ ಪ್ರಯಾಣಕ್ಕೆ ಬರುತ್ತದೆ. ಅದರ ಜೆರಾಕ್ಸನ್ನು ಅವರು ಈಗಲೂ ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಇಟ್ಟುಕೊಂಡಿದ್ದಾರೆ.

ಆ ಆರು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾವನನ್ನು ಅಕ್ರಮ ವಲಸಿಗ ಎಂದು ಕರೆಯಲಿಲ್ಲ. 'ಅವನಿಗೆ ಪೇಪರ್ ಪ್ರಾಬ್ಲಮ್ಮು' ಎನ್ನುತ್ತಿದ್ದೆವು. ನನಗೆ ಅದು ಇಂದಿಗೂ ಸರಿಯಾದ ಮಾತೆಂದೇ ತೋರುತ್ತದೆ, ಏಕೆಂದರೆ ಕೆಟ್ಟಿದ್ದದ್ದು ಕಾಗದ, ಮನುಷ್ಯ ಚೆನ್ನಾಗಿಯೇ ಇದ್ದರು. ಆದರೆ ಇಲ್ಲಿಗೆ ಬಂದವರಿಗೆ ನಮ್ಮ ಪತ್ರಿಕೆ, ಟಿವಿಗಳು ಬಳಸುವ ಪದ 'ನುಸುಳುಕೋರ'. ಕನ್ನಡದಲ್ಲಿ 'ಕೋರ' ಎಂಬ ಪ್ರತ್ಯಯ ಎಲ್ಲೆಲ್ಲಿ ಅಂಟುತ್ತದೆ ಎಂದು ಗಮನಿಸಿ: ಲಂಚಕೋರ, ಚಾಡಿಕೋರ, ದಗಾಕೋರ. ಒಂದು ದಿನ ಮಾಡಿದ ಕೆಲಸವನ್ನು ಅದು ಹುಟ್ಟುಗುಣವನ್ನಾಗಿ ಮಾಡಿಬಿಡುತ್ತದೆ. ವೀಸಾ ಅವಧಿ ಮುಗಿದ ಮೇಲೂ ಅಮೆರಿಕದಲ್ಲಿ ಉಳಿದುಕೊಂಡ ನಮ್ಮ ಹುಡುಗನಿಗೆ ಈ ಪದವನ್ನು ಯಾರೂ ಅಂಟಿಸುವುದಿಲ್ಲ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕಾಲುಗಳಿಗೆ ಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿದಾಗ ನಮ್ಮ ಇದೇ ವಾಟ್ಸಾಪ್ ಗುಂಪು ಕುದಿದುಹೋಗಿತ್ತು. ಆ ಕುದಿತ ನ್ಯಾಯವಾದದ್ದೇ. ಅವರೂ ಕಾನೂನು ಮೀರಿ ಒಳಹೊಕ್ಕವರು ಎಂಬುದನ್ನು ಅಂದು ಯಾರೂ ಎತ್ತಿ ಆಡಲಿಲ್ಲ.

ಹಾಗಾದರೆ ಬಾಂಗ್ಲಾದೇಶದಿಂದ ಕಾನೂನು ಮೀರಿ ಬಂದವರು ಬೆಂಗಳೂರಿನಲ್ಲಿ ಇಲ್ಲವೇ ಎಂದು ಕೇಳಬಹುದು. ಇದ್ದಾರೆ. 2019ರ ಅಕ್ಟೋಬರ್‌ನಲ್ಲಿ ಪೊಲೀಸರು ರಾಮಮೂರ್ತಿನಗರ, ಬೆಳ್ಳಂದೂರು ಮುಂತಾದೆಡೆ ಹಿಡಿದ 59 ಮಂದಿಯನ್ನು ಮರುತಿಂಗಳು ರೈಲಿನಲ್ಲಿ ಬಂಗಾಳಕ್ಕೆ ಕಳುಹಿಸಿದರು. ಯಾವ ದೇಶವೂ ತನ್ನ ಗಡಿಯನ್ನು ಕಾಯದೆ ಇರಲಾಗದು, ಯಾರು ಒಳಗಿರಬೇಕೆಂದು ತೀರ್ಮಾನಿಸುವ ಹಕ್ಕು ಸರ್ಕಾರಕ್ಕಿದೆ, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಆ ತೀರ್ಮಾನವನ್ನು ಲಿಫ್ಟಿನಲ್ಲಿ ನಿಂತು ಮುಖ ನೋಡಿ ಮಾಡುವವರ ಬಗ್ಗೆ, ಮತ್ತು ಎಷ್ಟು ಮಂದಿ ಎಂಬ ಪ್ರಶ್ನೆಗೆ ಬಾಯಿಗೆ ಬಂದ ಸಂಖ್ಯೆ ಹೇಳುವವರ ಬಗ್ಗೆ.

ಸಂಖ್ಯೆಯ ಕಥೆಯನ್ನು ಹೇಳಲೇಬೇಕು. 2004ರ ಜುಲೈನಲ್ಲಿ ಅಂದಿನ ಗೃಹ ಖಾತೆ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ರಾಜ್ಯಸಭೆಯಲ್ಲಿ ದೇಶದೊಳಗಿರುವ ಬಾಂಗ್ಲಾದೇಶಿ ಅಕ್ರಮ ವಲಸಿಗರು 1,20,53,950 ಎಂದರು. ಕದ್ದು ಬಂದವರನ್ನು ಕೊನೆಯ ಐವತ್ತು ಮಂದಿಯವರೆಗೆ ಎಣಿಸಿದವರು ಯಾರು ಎಂದು ಸೋಜಿಗಪಡುವಷ್ಟರಲ್ಲಿ, ಕೆಲವೇ ದಿನಗಳಲ್ಲಿ ಅದು ಕೇಳಿಕೆಯ ಮಾಹಿತಿ, ನೆಚ್ಚುವಂಥದ್ದಲ್ಲ ಎಂದು ಅವರೇ ಹಿಂದೆ ಸರಿದರು. ಆದರೂ ಆ ಸಂಖ್ಯೆ ಇಂದಿಗೂ ಭಾಷಣಗಳಲ್ಲಿ ಜೀವಂತವಾಗಿದೆ. 2016ರಲ್ಲಿ ಮತ್ತೊಂದು ಪಕ್ಷದ ಸರ್ಕಾರದ ಸಚಿವರು ಅದೇ ಸದನದಲ್ಲಿ ಸುಮಾರು 2 ಕೋಟಿ ಎಂದರು. ಅಸ್ಸಾಮಿನಲ್ಲಿ ಮಾತ್ರ ಮನೆಮನೆಯ ಕಾಗದ ತೆಗೆಸಿ ಎಣಿಸುವ ಕೆಲಸ ನಿಜವಾಗಿ ನಡೆಯಿತು. 2019ರ ಆಗಸ್ಟ್ 31ರಂದು ಹೊರಬಂದ ಎನ್‌ಆರ್‌ಸಿ (ಪೌರರ ರಾಷ್ಟ್ರೀಯ ನೋಂದಣಿ) ಪಟ್ಟಿಯಿಂದ 3.3 ಕೋಟಿ ಅರ್ಜಿದಾರರಲ್ಲಿ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದರು, ಅವರಲ್ಲಿ ಹಿಂದೂಗಳೂ ದೊಡ್ಡ ಸಂಖ್ಯೆಯಲ್ಲಿದ್ದರು. ಪಟ್ಟಿ ಬೇಕೆಂದು ಹಟ ಹಿಡಿದವರಿಗೇ ಕೊನೆಗೆ ಪಟ್ಟಿ ರುಚಿಸಲಿಲ್ಲ.

ಬೆಂಗಳೂರಿನವರು ನೆನಪಿಡಬೇಕಾದದ್ದು 2020ರ ಜನವರಿಯ ಕರಿಯಮ್ಮನ ಅಗ್ರಹಾರವನ್ನು. ಬೆಳ್ಳಂದೂರಿನ ಬಳಿಯ ಆ ಜಾಗದ ಜೋಪಡಿಗಳಲ್ಲಿ ಬಾಂಗ್ಲಾದೇಶದವರು ತುಂಬಿದ್ದಾರೆಂಬ ವಿಡಿಯೊ ಹರಿದಾಡಿತು, ವಾರ ಕಳೆಯುವುದರೊಳಗೆ ಜೆಸಿಬಿ ಬಂದು ನೂರಾರು ಗುಡಿಸಲುಗಳನ್ನು ನೆಲಸಮ ಮಾಡಿತು. ಆಮೇಲೆ ಹೋಗಿ ನೋಡಿದವರಿಗೆ ಸಿಕ್ಕಿದ್ದು ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರು. ತಗಡಿನ ಕೆಳಗೆ ಪಾತ್ರೆ ಹುಡುಕುತ್ತಿದ್ದ ಹೆಂಗಸರು ಅಚ್ಚ ಕನ್ನಡದಲ್ಲಿಯೇ ಅಳುತ್ತಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು, ಹೀಗೆ ಎಬ್ಬಿಸುವ ಅಧಿಕಾರ ಪೊಲೀಸರಿಗಿರಲಿಲ್ಲವೆಂದು ನ್ಯಾಯಾಲಯ ಕಂಡುಕೊಂಡಿತು. ಜೆಸಿಬಿಗೆ ಬಂಗಾಳಿ, ಕನ್ನಡ ಎಂಬ ಭೇದವಿರಲಿಲ್ಲ. ನೀಲಿ ಟಾರ್ಪಾಲು ಕಂಡರೆ ಸಾಕಾಗಿತ್ತು. ಬಡವನ ವೇಷವನ್ನೇ ಪರದೇಶದ ಗುರುತೆಂದು ತಿಳಿದರೆ ಆಗುವುದು ಇದೇ.

'ಕಾಗದ ತೋರಿಸಲಿ, ಬಿಟ್ಟುಬಿಡುತ್ತೇವೆ' ಎಂಬುದು ಮುಂದಿನ ವಾದ. ಕೇಳಲು ಸರಿಯಾಗಿದೆ. ಆದರೆ ಯಾವ ಕಾಗದ? ಆಧಾರ್ ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ನೀವು ವಿದೇಶಿಯೆಂದು ಅಧಿಕಾರಿಗೆ ಸಂಶಯ ಬಂದರೆ ಅಲ್ಲವೆಂದು ಸಾಧಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. 1946ರ ವಿದೇಶಿಯರ ಕಾಯ್ದೆಯಲ್ಲಿದ್ದ ಈ ನಿಯಮ 2025ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ಕಳ್ಳತನದ ಆರೋಪದಲ್ಲಿ ಸಿಕ್ಕವನಿಗೆ ಇರುವ ಅನುಕೂಲ ಇಲ್ಲಿ ಇಲ್ಲ. ನಮ್ಮ ಕಸದ ಶೆಡ್ಡಿನ ಮನುಷ್ಯ ಕಾಗದ ತೋರಿಸದಿದ್ದರೆ ಬಾಂಗ್ಲಾದವನು, ತೋರಿಸಿದರೆ ನಕಲಿ ಕಾಗದ ಮಾಡಿಸಿದ ಬಾಂಗ್ಲಾದವನು. 2025ರಲ್ಲಿ ದೆಹಲಿಯಲ್ಲಿ ಹಿಡಿದು ಗಡಿಯಾಚೆ ದಾಟಿಸಿದವರಲ್ಲಿ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರಿದ್ದರು. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಆ ಗಡಿಪಾರನ್ನು ರದ್ದು ಮಾಡಿದರೂ ಆಕೆ ಊರಿಗೆ ಮರಳಲು ಡಿಸೆಂಬರ್ ಆಗಬೇಕಾಯಿತು. ಇಂಥ ಸುದ್ದಿಗಳು ನಮ್ಮ ಗುಂಪಿಗೆ ಫಾರ್ವರ್ಡ್ ಆಗಿ ಬರುವುದಿಲ್ಲ.

ಗುಂಪಿನಲ್ಲಿ ಚರ್ಚೆ ನಡೆದ ವಾರವೇ ಮಾವ ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಬಂದಿದ್ದರು. ಅವರು ನಮ್ಮ ಕುಟುಂಬದ ಗುಂಪಿಗೆ ನುಸುಳುಕೋರರ ವಿಡಿಯೊಗಳನ್ನು ನಿಷ್ಠೆಯಿಂದ ಕಳುಹಿಸುವವರಲ್ಲಿ ಒಬ್ಬರು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಸಂಜೆ ಹಳೆಯ ಪೇಪರ್ ಕಟ್ಟು ಕೊಡಲು ಶೆಡ್ಡಿಗೆ ಹೋದಾಗ ಅವರೂ ಜೊತೆಗೆ ಬಂದರು. ಸುದ್ದಿ ಆ ದಂಪತಿಯ ಕಿವಿಗೂ ಬಿದ್ದಿತ್ತು. ನಾನು ಏನೂ ಕೇಳದಿದ್ದರೂ ಆ ಮನುಷ್ಯ ಗೋಡೆಯ ಮೊಳೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಕೈಯನ್ನು ಬನಿಯನ್ನಿಗೆ ಎರಡು ಸಲ ಒರೆಸಿಕೊಂಡು, ಒಳಗಿನದನ್ನು ರಟ್ಟಿನ ಮೇಲೆ ಒಂದೊಂದಾಗಿ ಹರಡಿದರು: ಮತದಾರರ ಚೀಟಿ, ಇಬ್ಬರ ಆಧಾರ್, ಮಗಳ ಶಾಲೆಯ ದಾಖಲೆ, ಮಡಿಕೆಗಳಲ್ಲಿ ಹರಿದು ಲ್ಯಾಮಿನೇಷನ್ ಮಾಡಿಸಿದ ತಾತನ ಕಾಲದ ಜಮೀನಿನ ಪತ್ರ. ಬಂಗಾಳಿ ಅಕ್ಷರ ನನಗೂ ಬಾರದು, ಮಾವನಿಗೂ ಬಾರದು. ಮಾವ ಕನ್ನಡಕ ಹಾಕಿಕೊಂಡು ಆ ಪತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಎಲ್ಲವೂ ಅಸಲಿಯೇ ಎಂದು ನನ್ನಿಂದ ಹಿಂದಿಯಲ್ಲಿ ಕೇಳಿಸಿದರು. ಹೌದೆಂದು ಉತ್ತರ ಬಂತು.

'ಇದ್ರದ್ದೆಲ್ಲ ಜೆರಾಕ್ಸ್ ಮಾಡ್ಸಿ ಒಂದ್ ಕಟ್ಟು ಊರಿಗ್ ಕಳ್ಸುಕ್ ಹೇಳ್ ಮಾಣಿ,' ಎಂದರು ಮಾವ, ಪತ್ರವನ್ನು ಹಿಂದಿರುಗಿಸುತ್ತ. 'ಅಸಲಿ ಯಾರ್ ಕೈಯಂಗೂ ಕೊಡುಕಾಗ. ಪೊಲೀಸ್ ಕೇಂಡ್ರೂ ಜೆರಾಕ್ಸೇ ಕೊಡ್ಕ್ ಅಂತ ಹೇಳ್.'