ವಿಮಾನದ ಕಥೆ ಸರಿ, ವಿಟನೂಮ್ ಎಲ್ಲಿ?

ಆಸ್ಟ್ರೇಲಿಯಾದ ಗಣಿ ದೊರೆ ಲ್ಯಾಂಗ್ ಹ್ಯಾನ್‌ಕಾಕ್ ಕುರಿತ ಬರಹ ಸರಾಗವಾಗಿ ಓದಿಸಿಕೊಂಡಿತು. ಆದರೆ 1952ರಲ್ಲಿ ಪುಟ್ಟ ವಿಮಾನದಿಂದ ಕೆಂಪು ಬಂಡೆ ನೋಡಿ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಕಬ್ಬಿಣವನ್ನು ಆತನೇ ಕಂಡುಹಿಡಿದ ಎಂದು ಅದರಲ್ಲಿ ಬರೆದದ್ದು ಸ್ವಲ್ಪ ಅತಿಯಾಯಿತು. ಅಲ್ಲಿ ಅದಿರಿದೆ ಎಂದು ಸರ್ಕಾರಿ ಭೂವಿಜ್ಞಾನಿಗಳು 19ನೇ ಶತಮಾನದ ಕೊನೆಯಲ್ಲೇ ಬರೆದಿಟ್ಟಿದ್ದರು. ಆತನ ಅಸಲಿ ಜಾಣತನ ಬೇರೆ. 1938ರಿಂದ ಅದಿರು ರಫ್ತಿಗೆ ನಿಷೇಧವಿತ್ತು. ಅದು 1960ರಲ್ಲಿ ಸಡಿಲವಾಗುವವರೆಗೆ ಬಿಡದೆ ಲಾಬಿ ನಡೆಸಿ, ಆಮೇಲೆ ರಿಯೊ ಟಿಂಟೊ ಗಣಿ ಕಂಪನಿಯ ಬಳಗದಿಂದ ಅದಿರಿನ ಮೇಲೆ ಶೇ 2.5 ರಾಯಲ್ಟಿ ಬರೆಸಿಕೊಂಡ. ಅಗೆಯುವ ತಾಪತ್ರಯ ಅವರದು, ಹಣ ಇವನಿಗೂ ಪಾಲುದಾರ ಪೀಟರ್ ರೈಟ್‌ಗೂ!

ಮಗಳು ಜೀನಾ ರೈನ್‌ಹಾರ್ಟ್ 1992ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಂಪನಿ ಬೆಳೆಸಿದ್ದು, ರಾಯ್ ಹಿಲ್ ಗಣಿ, ಮಕ್ಕಳೊಂದಿಗಿನ ಕೋರ್ಟ್ ಜಗಳ ಎಲ್ಲ ಬರಹದಲ್ಲಿ ಬಂದಿದೆ. ಆಸ್ತಿ ಹೆಚ್ಚಿದ ಕಡೆ ವಕೀಲರಿಗೆ ಸುಗ್ಗಿ, ಅದರಲ್ಲಿ ಹೊಸತೇನಿಲ್ಲ.

ಅದೇ ಪಿಲ್ಬರಾದ ವಿಟನೂಮ್ ಎಂಬ ಗಣಿ ಊರಿನ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಕಬ್ಬಿಣಕ್ಕೂ ಮೊದಲು ಹ್ಯಾನ್‌ಕಾಕ್ ಕೈ ಹಾಕಿದ್ದು ಅಲ್ಲಿನ ನೀಲಿ ಕಲ್ನಾರಿಗೆ (ಆಸ್ಬೆಸ್ಟಾಸ್). 1943ರಲ್ಲಿ ಗಣಿ ಸಿಎಸ್‌ಆರ್ ಕಂಪನಿಯ ಕೈಸೇರಿ 1966ರವರೆಗೆ ನಡೆಯಿತು. ಅದರ ದೂಳು ಕುಡಿದ ಕಾರ್ಮಿಕರು, ಅವರ ಹೆಂಡತಿ ಮಕ್ಕಳು ಎಷ್ಟೋ ವರ್ಷಗಳ ನಂತರ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತರು. 2007ರಲ್ಲಿ ಊರಿನ ಹೆಸರನ್ನೇ ಅಧಿಕೃತವಾಗಿ ತೆಗೆದುಹಾಕಲಾಯಿತು. ಸುಮಾರು 30 ಲಕ್ಷ ಟನ್ ಕಲ್ನಾರಿನ ತ್ಯಾಜ್ಯ ಅಲ್ಲೇ ರಾಶಿ ಬಿದ್ದಿದೆ. ನೆಲದ ಮೂಲನಿವಾಸಿಗಳಾದ ಬಂಜಿಮಾ ಜನ ಅದನ್ನು ತೆಗೆಸಿ ಎಂದು ಕೇಳುತ್ತಲೇ ಇದ್ದಾರೆ. ಮುಂದಿನ ಕಂತಿನಲ್ಲಾದರೂ ಅವರ ಬಗ್ಗೆ ಬರೆಯಿರಿ.