ದೇಶಕ್ಕೊಂದು ಅಂಕ ಸಾಲದು
ಹೊರದೇಶಕ್ಕೆ ಹೋಗುವ ವ್ಯವಸ್ಥಾಪಕರು ಡಚ್ ಸಮಾಜ ಮನಶ್ಶಾಸ್ತ್ರಜ್ಞ ಗೀರ್ಟ್ ಹಾಫ್‌ಸ್ಟೀಡ್ ಅವರ ಸಾಂಸ್ಕೃತಿಕ ಆಯಾಮಗಳನ್ನು, ಅಂದರೆ ಮೇಲಿನವರ ಅಧಿಕಾರವನ್ನು ಒಪ್ಪಿಕೊಳ್ಳುವುದು ಮುಂತಾದ ವಿಷಯಗಳಲ್ಲಿ ಒಂದೊಂದು ದೇಶಕ್ಕೂ ಅಂಕ ಕೊಡುವ ಮಾದರಿಯನ್ನು, ಓದಿಕೊಂಡಿರಬೇಕೆಂದು ನಿಮ್ಮಲ್ಲಿ ಪ್ರಕಟವಾದ ಲೇಖನದ ಲೇಖಕರು ಹೇಳಿದ ಮಾತನ್ನು ಒಪ್ಪುತ್ತೇನೆ. ಆದರೆ ಆ ಮಾದರಿಯ ಮೂಲ ಅಂಕಿಗಳು 1967ರಿಂದ 1973ರ ನಡುವೆ ಐಬಿಎಂ ಎಂಬ ಒಂದೇ ಕಂಪನಿಯ ನೌಕರರಿಂದ ಪಡೆದವು ಎಂಬುದನ್ನು ಲೇಖನ ಹೇಳಬೇಕಿತ್ತು. ದೇಶಕ್ಕೊಂದು ಅಂಕ ಕೊಟ್ಟರೆ ಒಳಗಿನ ವ್ಯತ್ಯಾಸ ಮರೆಯಾಗುತ್ತದೆ. ಕೊಡಗಿನ ಸಿದ್ದಾಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದವರು ರೈಟರು (ತೋಟದ ಕೆಲಸ ನೋಡಿಕೊಳ್ಳುವ ಗುಮಾಸ್ತರು) ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಅದನ್ನು ಒಪ್ಪಿಗೆಯೆಂದು ಬಗೆದಿದ್ದ ನಮಗೆ, ಸಂಜೆ ತೂಕದ ಹೊತ್ತಿಗೆ ಚೀಲದಿಂದ ಹಸಿರು ಕಾಯಿಯೂ ಸುರಿದಾಗಲೇ, ಅವರಿಗೆ ಮಾತು ಅರ್ಥವಾಗಿರಲಿಲ್ಲವೆಂದು ತಿಳಿಯಿತು. ಮರುದಿನ ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಕಾಯಿ ಹಿಡಿದು ಕಲಿಸಿದವರು ನಮ್ಮಲ್ಲಿ ಬಹುಕಾಲದಿಂದ ದುಡಿಯುತ್ತಿರುವ, ಯರವ ಎಂಬ ಬುಡಕಟ್ಟಿನ ಮಹಿಳೆ. ಎಂಬಿಎ ಓದಿದ ನನ್ನ ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ.