ಹೆಣ್ಣು ಶೆಫ್ ಆದರೆ ಅದೊಂದು ಕಾಯಿಲೆಯೇ?

ಮಹತ್ವಾಕಾಂಕ್ಷೆಯ ಶೆಫ್ ಒಬ್ಬಳ ಸುತ್ತ ಹೆಣೆದ ‘ವಿಭಿನ್ನ ಪ್ರೇಮಕಥೆ’ ಬಂದಿದೆ ಎಂದು ಯಾರಾದರೂ ಹೇಳಿದರೆ ಸಾಕು, ನನಗೆ ಮೈ ಉರಿಯುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವಳು ನಾನು. ಆದ್ದರಿಂದ ಇಂಥ ಚಿತ್ರ ನೋಡಿದ ನೆಂಟರೆಲ್ಲ ನನ್ನನ್ನೇ ಹಿಡಿದು ಕೂರಿಸಿಕೊಂಡು, ‘ನಿನಗೂ ಅಂಥವನೊಬ್ಬ ಸಿಕ್ಕರೆ ಈ ಸಿಡುಕೆಲ್ಲ ಇಳಿಯುತ್ತೆ ಕಣೇ’ ಎಂದು ಬುದ್ಧಿ ಹೇಳುತ್ತಾರೆ.

ಅವರಿಗೆ ಇದನ್ನು ಕಲಿಸಿದ್ದು ಸಿನಿಮಾಗಳೇ. 2001ರ ಜರ್ಮನ್ ಚಿತ್ರ ‘ಮೋಸ್ಟ್‌ಲಿ ಮಾರ್ಥಾ’ದಲ್ಲೂ, ಅದನ್ನೇ ನ್ಯೂಯಾರ್ಕಿಗೆ ಒಯ್ದು 2007ರಲ್ಲಿ ಮತ್ತೆ ತೆಗೆದ ‘ನೋ ರಿಸರ್ವೇಷನ್ಸ್’ನಲ್ಲೂ, ನಾಯಕಿಯನ್ನು ರೆಸ್ಟೋರೆಂಟಿನ ಒಡತಿಯೇ ಮನೋಚಿಕಿತ್ಸಕರ ಬಳಿಗೆ ಅಟ್ಟುತ್ತಾಳೆ, ಬಳಿಕ ಹಾಡುತ್ತಾ ನಗುತ್ತಾ ಒಬ್ಬ ಬಾಣಸಿಗ ಅವಳ ಅಡುಗೆಮನೆಗೇ ಬಂದು ಸೇರುತ್ತಾನೆ, ಅವಳು ಮೆತ್ತಗಾಗುತ್ತಾಳೆ. ಅದೇ 2007ರ ಹಿಂದಿ ಚಿತ್ರ ‘ಚೀನಿ ಕಮ್’ನಲ್ಲಿ ಲಂಡನ್ನಿನ ಶೆಫ್ ಗಂಡಸು, ವಯಸ್ಸು 64, ಅವನು ಮೆಚ್ಚಿದವಳಿಗೆ 34. ಅವನೂ ಕೆಲಸದವರ ಮೇಲೆ ಹರಿಹಾಯುವವನೇ, ಆದರೆ ಅವನ ದರ್ಪವನ್ನು ನಾವೆಲ್ಲ ಗತ್ತು ಎಂದು ಸವಿಯಬೇಕು. 2023ರ ತೆಲುಗು ಚಿತ್ರ ‘ಮಿಸ್ ಶೆಟ್ಟಿ ಮಿಸ್ಟರ್ ಪೋಲಿಶೆಟ್ಟಿ’ಯಲ್ಲಿ ಅನುಷ್ಕಾ ಶೆಟ್ಟಿಯ ಶೆಫ್ ಪಾತ್ರ ಮದುವೆ ಬೇಡ, ಮಗು ಮಾತ್ರ ಬೇಕು ಎಂದು ವೀರ್ಯದಾನಿಯನ್ನು ಹುಡುಕಲು ಹೊರಟಾಗ ನಾನು ನೆಟ್ಟಗೆ ಕುಳಿತು ನೋಡಿದ್ದೆ, ಕಥೆ ಮಾತ್ರ ಆ ದಾನಿಯ ಪ್ರೇಮದ ಕಡೆಗೇ ಹೊರಳಿತು.

ಇನ್ನು ಇಂಥ ಚಿತ್ರಗಳ ಅಡುಗೆಮನೆಯ ಚಂದ ಕೇಳಬೇಡಿ. ಆರ್ಡರ್ ಚೀಟಿಗಳು ಸಾಲುಗಟ್ಟಿರುವ ಹೊತ್ತಿನಲ್ಲೇ ನಾಯಕಿ ಚಾಕು ಕೆಳಗಿಟ್ಟು ಹಿಂಬಾಗಿಲಿಗೆ ಹೋಗಿ ಪ್ರಿಯಕರನೊಡನೆ ಮಾತಿಗೆ ನಿಲ್ಲುತ್ತಾಳೆ. ಬಾಣಲೆಯ ಕೆಳಗಿನ ಉರಿಯನ್ನು ಯಾರು ತಗ್ಗಿಸಿದರೋ ದೇವರೇ ಬಲ್ಲ. ಓವನ್ನಿನ ಜಾಲರಿ ತಗುಲಿ ಮುಂಗೈಮೇಲೆ ಬೀಳುವ ಕಂದು ಗೆರೆಗಳು ಅವಳಿಗಿಲ್ಲ. ಕತ್ತರಿಸುವ ಹಲಗೆ ಜಾರದಿರಲೆಂದು ಅದರಡಿ ಒದ್ದೆ ಬಟ್ಟೆ ಹಾಸುವುದು ಈ ಕೆಲಸಕ್ಕೆ ಸೇರಿದವರು ಮೊದಮೊದಲೇ ಕಲಿಯುವ ಪಾಠ, ಅದೂ ಅವಳಿಗೆ ಗೊತ್ತಿದ್ದಂತಿಲ್ಲ. ದುಡಿಮೆಯನ್ನೇ ತೋರಿಸದೆ ದುಡಿಯುವವಳ ಸಿಡುಕನ್ನು ಮಾತ್ರ ತೋರಿಸಿದರೆ, ನೋಡಿದವರು ಅವಳದು ಗಂಡು ಸಿಗದ ಸಂಕಟವೆಂದೇ ತಿಳಿಯುವುದಿಲ್ಲವೇ?

ನಾನು ಕೆಲಸ ಮಾಡುವಲ್ಲಿಯೂ ಅಷ್ಟೆ. ನಮ್ಮ ಹಿರಿಯ ಬಾಣಸಿಗರು ಸಿಟ್ಟಿನಲ್ಲಿ ಸೌಟು ಎಸೆದರೆ, ‘ಪಾಪ, ಅವರಿಗೆ ಕೆಲಸದ ಮೇಲೆ ಅಷ್ಟೊಂದು ಶ್ರದ್ಧೆ’ ಎನ್ನುತ್ತಾರೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನು ಕೊಂಚ ದನಿಯೇರಿಸಿದರೆ, ಮದುವೆಯಾಗಿದ್ದಿದ್ದರೆ ಹೀಗಿರುತ್ತಿರಲಿಲ್ಲ ಎಂದು ಬೆನ್ನ ಹಿಂದೆ ಪಿಸುಗುಟ್ಟುತ್ತಾರೆ. ಆ ಹಿರಿಯರು ನಿವೃತ್ತರಾಗುತ್ತಿದ್ದಾರೆ, ಅವರ ಹುದ್ದೆಗೆ ನಾನು ಅರ್ಜಿ ಹಾಕಿದ್ದೇನೆ. ಈ ಸುದ್ದಿ ಹೇಳಿದಾಗ ಚಿಕ್ಕಮ್ಮ ಸಂಬಳವೆಷ್ಟು ಎಂದೂ ಕೇಳಲಿಲ್ಲ, ಕೆಲಸದ ಹೊತ್ತು ಯಾವುದು ಎಂದೂ ಕೇಳಲಿಲ್ಲ. ‘ಅಲ್ಲಿ ಒಳ್ಳೆ ಹುಡುಗ ಯಾರಾದರೂ ಇದ್ದಾನಾ?’ ಎಂದು ಕೇಳಿದರು.